ವರ್ಚುವಲ್ ಮಷೀನ್ ಶುರು ಮಾಡಿದ ಕೂಡಲೇ ಎಸ್‌ಇಲಿನಕ್ಸ್ ಎಚ್ಚರಿಕೆಯಾ? ಆಫ್ ಮಾಡುವ ಮೊದಲು ಇಷ್ಟು ನೋಡಿ

ಫೆಡೋರಾ ಎಂಬ ಲಿನಕ್ಸ್ ಹಾಕಿಕೊಂಡವರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚಾಗಿ ಒಂದೇ. "ವಿಎಂ ಸ್ಟಾರ್ಟ್ ಮಾಡಿದೆ, ಮೂಲೆಯಲ್ಲಿ ಎಸ್‌ಇಲಿನಕ್ಸ್ ಎಚ್ಚರಿಕೆ ಬಂತು, ಈಗ ಏನು ಮಾಡುವುದು?" ವಿಎಂ ಎಂದರೆ ವರ್ಚುವಲ್ ಮಷೀನ್, ಕಂಪ್ಯೂಟರಿನೊಳಗೇ ಪ್ರೋಗ್ರಾಮಾಗಿ ಓಡುವ ಇನ್ನೊಂದು ಕಂಪ್ಯೂಟರ್. ಎಸ್‌ಇಲಿನಕ್ಸ್ ಎಂದರೆ ಯಾವ ಪ್ರೋಗ್ರಾಮ್ ಯಾವ ಫೈಲನ್ನು ಮುಟ್ಟಬಹುದು ಎಂದು ನೋಡುವ ಕಾವಲುಗಾರ. ಸುರತ್ಕಲ್, ಮಣಿಪಾಲ, ನಿಟ್ಟೆ ಕಡೆಯ ಎಂಜಿನಿಯರಿಂಗ್ ಹುಡುಗರು ಲ್ಯಾಬ್ ಕೆಲಸಕ್ಕೆ ಎರಡು ಮೂರು ವಿಎಂ ಓಡಿಸುತ್ತಾರೆ. ಹಂಪನಕಟ್ಟೆಯ ಲೆಕ್ಕಪತ್ರದ ಆಫೀಸಿನವರಿಗೆ ಟ್ಯಾಲಿ ಬೇಕು, ಟ್ಯಾಲಿಗೆ ವಿಂಡೋಸ್ ಬೇಕು. ಉಡುಪಿಯ ಪ್ರಿಂಟಿಂಗ್ ಪ್ರೆಸ್‌ನವರದ್ದು ಬೇರೆಯೇ ಕಷ್ಟ. ವರ್ಷಗಟ್ಟಲೆ ಮಾಡಿಟ್ಟ ಮದುವೆ ಕಾಗದಗಳೆಲ್ಲ ಪೇಜ್‌ಮೇಕರ್ ಮತ್ತು ಹಳೇ ನುಡಿ ಫಾಂಟಿನಲ್ಲಿವೆ. ಯೂನಿಕೋಡ್ ಅಲ್ಲ, ಲಿನಕ್ಸಿನಲ್ಲಿ ನೆಟ್ಟಗೆ ತೆರೆಯುವುದಿಲ್ಲ. ಹಾಗಾಗಿ ಲಿನಕ್ಸಿನ ಹೊಟ್ಟೆಯೊಳಗೆ ಒಂದು ವಿಂಡೋಸ್.

ಎಚ್ಚರಿಕೆ ಬಂದಾಗ ಹತ್ತರಲ್ಲಿ ಒಂಬತ್ತು ಮಂದಿ ಕೊಡುವ ಸಲಹೆ: "ಸುಮ್ನೆ ಎಸ್‌ಇಲಿನಕ್ಸ್ ಆಫ್ ಮಾಡಿ ಮಾರಾಯ್ರೆ." ನನಗೆ ಆ ಸಲಹೆ ಹಿಡಿಸುವುದಿಲ್ಲ. ಹೆಚ್ಚಿನ ಸಲ ತಪ್ಪಿರುವುದು ಒಂದು ಫೈಲ್ ಇಟ್ಟ ಜಾಗ, ಅಷ್ಟೇ. ಎರಡು ಆಜ್ಞೆಯಲ್ಲಿ ಸರಿಯಾಗುವ ಕೆಲಸ.

ಆಜ್ಞೆಗಳನ್ನು ಇಲ್ಲಿ ಫೋನಿನಲ್ಲಿ ಹೇಳಿ ಬರೆಸುವ ಹಾಗೆ ಕನ್ನಡದಲ್ಲೇ ಕೊಟ್ಟಿದ್ದೇನೆ. ಟರ್ಮಿನಲ್‌ನಲ್ಲಿ (ಆಜ್ಞೆ ಕೊಡುವ ಕಿಟಕಿಯಲ್ಲಿ) ಟೈಪ್ ಮಾಡುವಾಗ ಎಲ್ಲವೂ ಇಂಗ್ಲಿಷಿನ ಸಣ್ಣ ಅಕ್ಷರ. ದೊಡ್ಡ ಅಕ್ಷರ ಬೇಕಾದಲ್ಲಿ ಹೇಳುತ್ತೇನೆ. ಸ್ಪೇಸ್, ಗೆರೆ, ಸ್ಲ್ಯಾಶ್ ಕಂಡಲ್ಲಿ ಹಾಗೇ ಹಾಕಿ.

ಏನೇನು ಬೇಕು

ಫೆಡೋರಾ ಇರುವ ಕಂಪ್ಯೂಟರ್, ಅಡ್ಮಿನ್ ಪಾಸ್‌ವರ್ಡ್, ಮತ್ತು ವರ್ಟ್-ಮ್ಯಾನೇಜರ್. ಇದು ವಿಎಂಗಳನ್ನು ನೋಡಿಕೊಳ್ಳುವ ಕಿಟಕಿ. ಇದರ ಹಿಂದೆ ನಿಜವಾಗಿ ಕೆಲಸ ಮಾಡುವುದು ಲಿಬ್‌ವರ್ಟ್ ಎಂಬ ಸೇವೆ. ವಿಎಂಅನ್ನು ಓಡಿಸುವ ಪ್ರೋಗ್ರಾಮಿನ ಹೆಸರು ಕೆಮು. ಎಚ್ಚರಿಕೆಯಲ್ಲಿ ಕಾಣುವುದು ಈ ಕೆಮು ಹೆಸರೇ. ಅದನ್ನು ವೈರಸ್ ಅಂದುಕೊಂಡು ಹೆದರಿದವರೂ ಉಂಟು.

ಇನ್ನು ಎರಡು ಸಣ್ಣ ಪ್ಯಾಕೇಜು ಹಾಕಿಕೊಳ್ಳಿ. ಒಂದು 'ಸೆಟ್ರಬಲ್‌ಶೂಟ್', ಎಚ್ಚರಿಕೆಯನ್ನು ಬಿಡಿಸಿ ಹೇಳುವುದು ಅದೇ. ಇನ್ನೊಂದು 'ಪಾಲಿಸಿಕೋರ್‌ಯುಟಿಲ್ಸ್-ಪೈಥಾನ್-ಯುಟಿಲ್ಸ್'. ಹೆಸರು ರೈಲಿನಷ್ಟು ಉದ್ದ, ಆದರೆ ಮುಂದೆ ಬೇಕಾಗುವ ಸೆಮ್ಯಾನೇಜ್ ಆಜ್ಞೆ ಬರುವುದು ಇದರಲ್ಲೇ.

ಹೋಸ್ಟ್ ಎಂದರೆ ನಿಮ್ಮ ಮೇಜಿನ ಮೇಲಿನ ನಿಜವಾದ ಕಂಪ್ಯೂಟರ್. ಗೆಸ್ಟ್ ಎಂದರೆ ಅದರೊಳಗೆ ಓಡುವ ವಿಎಂ. ನಾವು ಮಾತಾಡುತ್ತಿರುವ ಎಚ್ಚರಿಕೆ ಬರುವುದು ಹೋಸ್ಟಿನಿಂದ. ಗೆಸ್ಟ್ ಒಳಗಿನ ವಿಂಡೋಸ್‌ನಲ್ಲಿ ಆ್ಯಂಟಿವೈರಸ್ ತೆಗೆದರೂ ಹಾಕಿದರೂ ಇದಕ್ಕೆ ಸಂಬಂಧ ಇಲ್ಲ.

ಈ ಎಚ್ಚರಿಕೆ ಯಾರದ್ದು?

ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣವನ್ನು ನೆನಪು ಮಾಡಿಕೊಳ್ಳಿ. ನೀವು ಬಸ್ಸಿನ ಬಣ್ಣ ನೋಡಿ ಹತ್ತುವುದಿಲ್ಲ, ಬೋರ್ಡ್ ನೋಡಿ ಹತ್ತುತ್ತೀರಿ. ಎಸ್‌ಇಲಿನಕ್ಸ್ ಕೂಡ ಹಾಗೇ. ಪ್ರತಿ ಫೈಲಿಗೂ, ಓಡುತ್ತಿರುವ ಪ್ರತಿ ಪ್ರೋಗ್ರಾಮಿಗೂ ಒಂದು ಬೋರ್ಡ್ ಇರುತ್ತದೆ. ಅದಕ್ಕೆ ಲೇಬಲ್ ಅನ್ನುತ್ತಾರೆ. ಯಾವ ಲೇಬಲ್ಲಿನ ಪ್ರೋಗ್ರಾಮ್ ಯಾವ ಲೇಬಲ್ಲಿನ ಫೈಲನ್ನು ಮುಟ್ಟಬಹುದು ಎಂಬ ನಿಯಮದ ಪುಸ್ತಕವೇ ಪಾಲಿಸಿ, ಅಂದರೆ ಭದ್ರತಾ ನೀತಿ. ಪುಸ್ತಕದಲ್ಲಿ ಇಲ್ಲದ್ದನ್ನು ಮಾಡಹೊರಟರೆ ತಡೆ, ಜೊತೆಗೆ ಒಂದು ಎಚ್ಚರಿಕೆ. ರೂಟ್ ಆಗಿ, ಅಂದರೆ ಎಲ್ಲ ಹಕ್ಕೂ ಇರುವ ಅಡ್ಮಿನ್ ಖಾತೆಯಲ್ಲಿ ಓಡುವ ಸೇವೆಗೂ ವಿನಾಯಿತಿ ಇಲ್ಲ.

ಇದನ್ನು ಶುರು ಮಾಡಿದ್ದು ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ. 2000ದ ಡಿಸೆಂಬರಿನಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು, 2003ರಲ್ಲಿ ಲಿನಕ್ಸಿನ ತಿರುಳಾದ ಕರ್ನಲ್‌ಗೆ ಸೇರಿತು. ವಿಎಂಗಳಿಗೆಂದೇ ಅದರ ಮೇಲೆ ಕಟ್ಟಿದ ಪದರದ ಹೆಸರು ಎಸ್‌ವರ್ಟ್. ಫೆಡೋರಾದಲ್ಲಿ ಇದು ಬಂದದ್ದು 2009ರಲ್ಲಿ, 11ನೇ ಆವೃತ್ತಿಯಲ್ಲಿ.

ಎಸ್‌ವರ್ಟ್ ಮಾಡುವ ಕೆಲಸ ಚೆನ್ನಾಗಿದೆ. ವಿಎಂ ಶುರುವಾಗುವಾಗ ಅದಕ್ಕೆ 'ಎಸ್‌ವರ್ಟ್' ಲೇಬಲ್ ಜೊತೆ ಎರಡು ಸಂಖ್ಯೆ ಕೊಡುತ್ತದೆ, 0ಯಿಂದ 1023ರ ಒಳಗೆ. ಅದೇ ಜೋಡಿಯನ್ನು ಆ ವಿಎಂನ ಡಿಸ್ಕ್ ಫೈಲಿಗೂ (ವಿಎಂಗೆ ಹಾರ್ಡ್ ಡಿಸ್ಕ್ ಆಗಿ ಕೆಲಸ ಮಾಡುವ ಫೈಲಿಗೂ) ಅಂಟಿಸುತ್ತದೆ. ಐದು ಲಕ್ಷಕ್ಕೂ ಜಾಸ್ತಿ ಜೋಡಿ ಸಾಧ್ಯ. ಒಂದು ವಿಎಂ ಇನ್ನೊಂದರ ಡಿಸ್ಕಿಗೆ ಕೈ ಹಾಕಿದರೆ ಸಂಖ್ಯೆ ಹೊಂದುವುದಿಲ್ಲ, ಅಲ್ಲಿಗೇ ನಿಲ್ಲುತ್ತದೆ.

ಮನೆಯ ಕಂಪ್ಯೂಟರಿಗೆ ಇದೆಲ್ಲ ಯಾಕೆ ಅನ್ನುವವರಿಗೆ ಒಂದೇ ಉದಾಹರಣೆ. 2015ರ ಮೇ ತಿಂಗಳಲ್ಲಿ ಕೆಮುವಿನ ಫ್ಲಾಪಿ ಡ್ರೈವ್ ಭಾಗದಲ್ಲಿ 'ವೆನಮ್' ಎಂಬ ದೋಷ ಸಿಕ್ಕಿತು. 2004ರಿಂದಲೂ ಅಲ್ಲೇ ಕೂತಿತ್ತು. ಗೆಸ್ಟ್ ಒಳಗಿರುವ ಕೆಟ್ಟ ಪ್ರೋಗ್ರಾಮ್ ಅದರ ಮೂಲಕ ಹೋಸ್ಟಿಗೆ ನುಗ್ಗಬಹುದಿತ್ತು. ಹಾಗೆ ನುಗ್ಗಿದರೂ ಸಿಕ್ಕಿದ್ದನ್ನೆಲ್ಲ ಮುಟ್ಟದಂತೆ ಕಟ್ಟಿಹಾಕುವ ಎರಡನೇ ಬೇಲಿ ಇದೇ ಎಸ್‌ವರ್ಟ್. ಎಲ್ಲಿಂದಲೋ ಇಳಿಸಿದ ಹಳೇ ವಿಂಡೋಸ್ ಎಕ್ಸ್‌ಪಿ ಓಡಿಸುವವರು ಬೇಲಿ ಕಿತ್ತರೆ ಹೇಗೆ?

ಹಂತ 1: ತಡೆದದ್ದು ಎಸ್‌ಇಲಿನಕ್ಸಾ, ಮಾಮೂಲಿ ಪರ್ಮಿಷನ್ನಾ?

ಇಲ್ಲಿ ಜಾಸ್ತಿ ಜನ ದಾರಿ ತಪ್ಪುತ್ತಾರೆ. ಲಿನಕ್ಸಿನಲ್ಲಿ ಕಾವಲು ಎರಡು. ಮೊದಲನೆಯದು ಹಳೇ ಪರ್ಮಿಷನ್: ಫೈಲಿನ ಒಡೆಯ ಯಾರು, ಓದುವ ಬರೆಯುವ ಹಕ್ಕು ಯಾರಿಗೆ ಎಂಬುದು. ಅಲ್ಲಿ ಪಾಸಾದ ಮೇಲೆ ಎಸ್‌ಇಲಿನಕ್ಸ್. ಎರಡೂ ತಡೆದಾಗ ಕಾಣುವ ಮಾತು 'ಪರ್ಮಿಷನ್ ಡಿನೈಡ್' ಎಂದೇ!

ವಿಎಂ ಹತ್ತದೆ ಹೋದ ಕೂಡಲೇ, ಹತ್ತು ನಿಮಿಷದ ಒಳಗೆ, ಹೀಗೆ ಕೊಡಿ:

ಸುಡೋ ಎಯುಸರ್ಚ್ -ಎಂ ಎವಿಸಿ -ಟಿಎಸ್ ರೀಸೆಂಟ್

ಸುಡೋ ಎಂದರೆ ಅಡ್ಮಿನ್ ಹಕ್ಕಿನಲ್ಲಿ ಓಡಿಸು ಎಂದು. ಎ, ಯು, ಆಮೇಲೆ ಸರ್ಚ್, ಒಂದೇ ಪದ. ಎವಿಸಿ ಎಂದರೆ ಎಸ್‌ಇಲಿನಕ್ಸ್ ತಡೆದದ್ದರ ದಾಖಲೆ. 'ನೋ ಮ್ಯಾಚಸ್' ಎಂದು ಬಂದರೆ ಬಹುಮಟ್ಟಿಗೆ ತಡೆದದ್ದು ಎಸ್‌ಇಲಿನಕ್ಸ್ ಅಲ್ಲ, ಮಾಮೂಲಿ ಪರ್ಮಿಷನ್.

ಆ ಸಂದರ್ಭದಲ್ಲಿ ಕಾರಣ ಸಾಮಾನ್ಯವಾಗಿ ಇದು: ಐಎಸ್‌ಒ ಫೈಲ್ (ಇನ್‌ಸ್ಟಾಲ್ ಡಿಸ್ಕಿನ ಪ್ರತಿ) ಅಥವಾ ಡಿಸ್ಕ್ ಫೈಲ್ ನಿಮ್ಮ ಡೌನ್‌ಲೋಡ್ಸ್ ಫೋಲ್ಡರಿನಲ್ಲಿದೆ. ಫೆಡೋರಾದಲ್ಲಿ ಹೋಮ್ ಫೋಲ್ಡರಿಗೆ ನೀವಲ್ಲದೆ ಬೇರೆ ಯಾರೂ ಕಾಲಿಡುವ ಹಾಗಿಲ್ಲ. ಆದರೆ ವಿಎಂ ಓಡುವುದು ನಿಮ್ಮ ಹೆಸರಿನಲ್ಲಲ್ಲ, 'ಕೆಮು' ಎಂಬ ಬೇರೆ ಬಳಕೆದಾರನ ಹೆಸರಿನಲ್ಲಿ. ಒಳಗೆ ಬರಲಿಕ್ಕೇ ಆಗುವುದಿಲ್ಲ.

ಎಚ್ಚರ: ಇದಕ್ಕೆ ಹೋಮ್ ಫೋಲ್ಡರಿನ ಪರ್ಮಿಷನ್ನನ್ನು 777 (ಎಲ್ಲರಿಗೂ ಎಲ್ಲ ಹಕ್ಕು) ಮಾಡಬೇಡಿ. ಅದು ಮನೆಯ ಬೀಗದ ಕೈಯನ್ನು ಸರ್ವಿಸ್ ಬಸ್ಸಿನ ಕಂಡಕ್ಟರ್ ಹತ್ತಿರ ಕೊಟ್ಟು ಹೋದ ಹಾಗೆ. ಫೈಲನ್ನೇ ಸರಿಯಾದ ಜಾಗಕ್ಕೆ ಒಯ್ಯಿರಿ. ಆ ಜಾಗ:

/ವಾರ್/ಲಿಬ್/ಲಿಬ್‌ವರ್ಟ್/ಇಮೇಜಸ್

ವಾರ್ ಎಂದರೆ ವಿ, ಎ, ಆರ್. ವರ್ಟ್ ಎಂದು ಕಂಡಲ್ಲೆಲ್ಲ ವಿ, ಐ, ಆರ್, ಟಿ. ವಿಎಂ ಫೈಲುಗಳ ತವರು ಇದು. ಪರ್ಮಿಷನ್ ಸರಿ ಇರುತ್ತದೆ, ಲೇಬಲ್ಲೂ ಸರಿ ಇರುತ್ತದೆ. ಜಾಗ ಸಾಕಷ್ಟಿದ್ದರೆ ಬೇರೆ ಎಲ್ಲೂ ಇಡಬೇಡಿ ಎಂಬುದೇ ನನ್ನ ಅಭಿಪ್ರಾಯ.

ವರ್ಟ್-ಮ್ಯಾನೇಜರ್ ಬದಲು ಗ್ನೋಮ್ ಬಾಕ್ಸಸ್ ಎಂಬ ಆ್ಯಪ್ ಬಳಸುವವರಿಗೆ ಈ ಹೋಮ್ ಫೋಲ್ಡರಿನ ತಕರಾರು ಬರುವುದಿಲ್ಲ. ಅದು ವಿಎಂಅನ್ನು ನಿಮ್ಮದೇ ಹೆಸರಿನಲ್ಲಿ ಓಡಿಸುತ್ತದೆ. ಒಂದೇ ಒಂದು ವಿಂಡೋಸ್ ಸಾಕು ಅನ್ನುವವರಿಗೆ ಅದು ಸುಲಭ.

ಹಂತ 2: ಎಚ್ಚರಿಕೆಯನ್ನು ಪೂರ್ತಿ ಓದಿ

ಎವಿಸಿ ದಾಖಲೆ ಸಿಕ್ಕಿತು ಅಂದುಕೊಳ್ಳಿ. ನೋಡಲಿಕ್ಕೆ ಹೆದರಿಕೆ ಹುಟ್ಟಿಸುವ ಉದ್ದ ಸಾಲು. ಅದರಲ್ಲಿ ನಿಮಗೆ ಬೇಕಾದದ್ದು ನಾಲ್ಕೇ ತುಣುಕು.

ಸುರುಳಿ ಬ್ರಾಕೆಟ್ಟಿನ ಒಳಗೆ ಇರುವುದು ಏನು ಮಾಡಹೊರಟಿತ್ತು ಎಂಬುದು: ರೀಡ್, ರೈಟ್, ಓಪನ್, ಸರ್ಚ್, ಹೀಗೆ. 'ಸರ್ಚ್' ಅಂತಿದ್ದರೆ ತೊಂದರೆ ಫೈಲಿನದ್ದಲ್ಲ, ದಾರಿಯಲ್ಲಿರುವ ಫೋಲ್ಡರಿನದ್ದು. ನಂತರ 'ನೇಮ್' ಅಥವಾ 'ಪಾತ್' ಮುಂದೆ ಫೈಲಿನ ಹೆಸರು. 'ಎಸ್‌ಕಾಂಟೆಕ್ಸ್ಟ್' ಮುಂದೆ ಮುಟ್ಟಹೊರಟ ಪ್ರೋಗ್ರಾಮಿನ ಲೇಬಲ್. 'ಟಿಕಾಂಟೆಕ್ಸ್ಟ್' ಮುಂದೆ ಮುಟ್ಟಿಸಿಕೊಳ್ಳಬೇಕಿದ್ದ ಫೈಲಿನ ಲೇಬಲ್. ಲೇಬಲ್‌ನಲ್ಲಿ ಕೋಲನ್ ಚಿಹ್ನೆಯಿಂದ ಬೇರೆ ಮಾಡಿದ ಭಾಗಗಳಿರುತ್ತವೆ. ಮೂರನೆಯ ಭಾಗ ಮಾತ್ರ ನೋಡಿ. ಅದರ ಕೊನೆಗೆ ಅಂಡರ್‌ಸ್ಕೋರ್ ಮತ್ತು ಟಿ ಅಕ್ಷರ ಇರುತ್ತದೆ. ಮುಂದೆ ವಿವರಿಸುವಾಗ ಲೇಬಲ್ ಹೆಸರನ್ನು ಆ ಬಾಲ ಬಿಟ್ಟು ಹೇಳುತ್ತೇನೆ, ಟೈಪ್ ಮಾಡಬೇಕಾದಲ್ಲಿ ಬಾಲದ ಸಮೇತ ಪೂರ್ತಿ ಕೊಟ್ಟಿದ್ದೇನೆ.

ಎಸ್‌ಕಾಂಟೆಕ್ಸ್ಟ್‌ನಲ್ಲಿ 'ಎಸ್‌ವರ್ಟ್' ಇಲ್ಲದೆ ಬೇರೆ ಏನಾದರೂ ಇದ್ದರೆ ಆ ಎಚ್ಚರಿಕೆ ನಿಮ್ಮ ವಿಎಂನದ್ದು ಅಲ್ಲದಿರಬಹುದು. ಅದೇ ಹೊತ್ತಿಗೆ ಪ್ರಿಂಟರಿನದ್ದೋ ಮತ್ತೊಂದರದ್ದೋ ಬಂದಿರುತ್ತದೆ. ಅದನ್ನು ಹಿಡಿದುಕೊಂಡು ವಿಎಂ ರಿಪೇರಿ ಮಾಡಲಿಕ್ಕೆ ಹೋಗಬೇಡಿ.

ಇನ್ನೊಂದು ಮಾತು. ಎಚ್ಚರಿಕೆ ಬಂತು, ಆದರೆ ವಿಎಂ ಆರಾಮಾಗಿ ಓಡುತ್ತಿದೆ, ನೆಟ್‌ವರ್ಕ್ ಉಂಟು, ಡಿಸ್ಕ್ ಉಂಟು. ಆಗ? ಏನೂ ಮಾಡಬೇಡಿ. ಎಚ್ಚರಿಕೆ ಕಿಟಕಿಯಲ್ಲಿ 'ಇಗ್ನೋರ್' ಒತ್ತಿ. ಕೆಲಸಕ್ಕೆ ಬೇಡದ ಹಕ್ಕನ್ನು ಸುಮ್ಮನೆ ಕೊಡುವುದು ಯಾಕೆ?

ಹಂತ 3: ಫೈಲಿನ ಬೋರ್ಡ್ ಯಾವುದು ನೋಡಿ

ಎಲ್‌ಎಸ್ -ಎಲ್‌ಝಡ್ ಫೈಲಿನ-ದಾರಿ

ಇದರಲ್ಲಿ ಝಡ್ ದೊಡ್ಡ ಅಕ್ಷರ. ಫೋಲ್ಡರಿನದ್ದೇ ಲೇಬಲ್ ಬೇಕಾದರೆ ಎಲ್ ಜೊತೆ ಸಣ್ಣ ಡಿ ಸೇರಿಸಿ.

ಲಿಬ್‌ವರ್ಟ್ ತನಗೆ ಗೊತ್ತಿರುವ ಡಿಸ್ಕ್ ಫೈಲಿಗೆ ವಿಎಂ ಶುರುವಾಗುವಾಗ ತಾನೇ ಲೇಬಲ್ ಹಾಕಿಕೊಳ್ಳುತ್ತದೆ, ನಿಂತಾಗ ತೆಗೆಯುತ್ತದೆ. ಹಾಗಾದರೆ ತಕರಾರು ಎಲ್ಲಿಂದ ಬರುತ್ತದೆ? ಲಿಬ್‌ವರ್ಟ್ ಮುಟ್ಟದ ಫೋಲ್ಡರಿನಿಂದ, ಅದಕ್ಕೆ ಗೊತ್ತೇ ಇಲ್ಲದ ಫೈಲಿನಿಂದ, ಅಥವಾ ಲೇಬಲ್ ಅಂಟದ ಡಿಸ್ಕಿನಿಂದ. ಟಿಕಾಂಟೆಕ್ಸ್ಟ್‌ನಲ್ಲಿ ಕಂಡ ಹೆಸರೇ ಇದನ್ನು ಹೇಳಿಬಿಡುತ್ತದೆ.

'ಅನ್‌ಲೇಬಲ್ಡ್' ಕಂಡರೆ ಬೋರ್ಡೇ ಇಲ್ಲ. ಹೊಸ ಡಿಸ್ಕನ್ನು ಫಾರ್ಮ್ಯಾಟ್ ಮಾಡಿ ಹಾಗೇ ಜೋಡಿಸಿದಾಗ ಹೀಗಾಗುತ್ತದೆ. ಇನ್ನೊಂದು ಲಿನಕ್ಸ್ ಆದ ಉಬುಂಟುವಿನಿಂದ ಫೆಡೋರಾಕ್ಕೆ ಬಂದು ಹಳೇ ಡೇಟಾ ಪಾರ್ಟಿಷನ್ ಉಳಿಸಿಕೊಂಡವರಿಗೂ ಇದೇ ಕಾಟ, ಯಾಕೆಂದರೆ ಉಬುಂಟುವಿನಲ್ಲಿ ಎಸ್‌ಇಲಿನಕ್ಸ್ ಚಾಲೂ ಇರುವುದಿಲ್ಲ. ಕಾಲೇಜು ಹುಡುಗರಲ್ಲಿ ನಾನು ಜಾಸ್ತಿ ನೋಡುವುದು ಇದನ್ನೇ.

'ಡೀಫಾಲ್ಟ್' ಕಂಡರೆ ನೀವು ಮೂಲ ಡೈರೆಕ್ಟರಿಯಲ್ಲಿ (ಬರೀ '/' ಅಡಿಯಲ್ಲಿ) ಸ್ವಂತ ಫೋಲ್ಡರ್ ಮಾಡಿದ್ದೀರಿ, ಪಾಲಿಸಿಗೆ ಅದರ ಪರಿಚಯ ಇಲ್ಲ. 'ಯೂಸರ್_ಹೋಮ್' ಕಂಡರೆ ಫೈಲ್ ಹೋಮ್ ಫೋಲ್ಡರಿನಲ್ಲಿದೆ, ಅಥವಾ ಅಲ್ಲಿಂದ ಕತ್ತರಿಸಿ ತಂದದ್ದು. ಕತ್ತರಿಸಿ ಅಂಟಿಸಿದರೆ ಫೈಲ್ ಹಳೇ ಬೋರ್ಡ್ ಹಾಕಿಕೊಂಡೇ ಬರುತ್ತದೆ. ಮಣಿಪಾಲಕ್ಕೆ ಹೋಗುವ ಜಾಗದಲ್ಲಿ ನಿಂತಿದೆ, ಬೋರ್ಡ್ ಮಾತ್ರ ಇನ್ನೂ ಮೂಡುಬಿದಿರೆಯದ್ದು. ಕಾಪಿ ಮಾಡಿದರೆ ಹಾಗಲ್ಲ, ಹೊಸ ಫೋಲ್ಡರಿನ ಬೋರ್ಡ್ ಸಿಗುತ್ತದೆ. ವಿಎಂ ಫೈಲುಗಳನ್ನು ಕಾಪಿ ಮಾಡಿ ಹಳೆಯದನ್ನು ಅಳಿಸುವುದು ಒಳ್ಳೆಯ ಅಭ್ಯಾಸ.

'ಡಾಸ್‌ಎಫ್‌ಎಸ್' ಅಥವಾ 'ಫ್ಯೂಸ್‌ಎಫ್‌ಎಸ್' ಕಂಡರೆ ಪೆನ್‌ಡ್ರೈವ್ ಅಥವಾ ವಿಂಡೋಸ್‌ನ ಎನ್‌ಟಿಎಫ್‌ಎಸ್ ಪಾರ್ಟಿಷನ್. ಅಲ್ಲಿ ಒಂದೊಂದು ಫೈಲಿಗೆ ಬೇರೆ ಬೇರೆ ಲೇಬಲ್ ಅಂಟುವುದಿಲ್ಲ. ಆ ಡಿಸ್ಕಿನಲ್ಲೇ ಓಡಿಸಬೇಕು ಅಂತ ಹಟ ಹಿಡಿಯಬೇಡಿ. ಫೈಲನ್ನು ಒಳಗಿನ, ಲಿನಕ್ಸಿನದ್ದೇ ಫಾರ್ಮ್ಯಾಟ್ ಆದ ಎಕ್ಸ್ಟ್4 ಅಥವಾ ಬಿಟಿಆರ್‌ಎಫ್‌ಎಸ್ ಡಿಸ್ಕಿಗೆ ಕಾಪಿ ಮಾಡಿ. ವಿಎಂ ಓಡುವ ವೇಗವೂ ಸುಧಾರಿಸುತ್ತದೆ.

'ಎನ್‌ಎಫ್‌ಎಸ್' ಅಥವಾ 'ಸಿಐಎಫ್‌ಎಸ್' ಎಂದರೆ ಆಫೀಸಿನ ನೆಟ್‌ವರ್ಕ್ ಡಿಸ್ಕ್. ಅದಕ್ಕೆ ಹಂತ 5.

ಹಂತ 4: ಬೋರ್ಡ್ ಸರಿ ಮಾಡಿ

ಮೊದಲು ವಿಎಂಅನ್ನು ಪೂರ್ತಿ ಶಟ್‌ಡೌನ್ ಮಾಡಿ. ಪಾಝ್ ಅಲ್ಲ, ಸೇವ್ ಅಲ್ಲ, ಶಟ್‌ಡೌನ್. ಓಡುತ್ತಿರುವ ವಿಎಂನ ಲೇಬಲ್ ಮುಟ್ಟಿದರೆ ನಡುವೆಯೇ ಡಿಸ್ಕ್ ಸಿಗದೆ ಗೆಸ್ಟ್ ನಿಂತುಬಿಡಬಹುದು.

ಫೈಲ್ ಇರುವುದು ಇಮೇಜಸ್ ಫೋಲ್ಡರಿನಲ್ಲೇ ಆದರೆ ಒಂದೇ ಆಜ್ಞೆ ಸಾಕು:

ಸುಡೋ ರಿಸ್ಟೋರ್‌ಕಾನ್ -ಆರ್‌ವಿ /ವಾರ್/ಲಿಬ್/ಲಿಬ್‌ವರ್ಟ್/ಇಮೇಜಸ್

ಇಲ್ಲಿ ಆರ್ ದೊಡ್ಡದು, ವಿ ಸಣ್ಣದು. ರಿಸ್ಟೋರ್ ಮತ್ತು 'ಕಾನ್' ಸೇರಿಸಿ ಒಂದೇ ಪದ. ಆ ಜಾಗಕ್ಕೆ ಪಾಲಿಸಿ ಹೇಳಿದ ಲೇಬಲ್ಲನ್ನು ಮತ್ತೆ ಅಂಟಿಸುವುದು ಇದರ ಕೆಲಸ.

ಬೇರೆ ಡಿಸ್ಕಿನಲ್ಲಿ ಇಡುವುದು ಅನಿವಾರ್ಯವಾದರೆ ಕೆಲಸ ಸ್ವಲ್ಪ ಜಾಸ್ತಿ. ಲ್ಯಾಪ್‌ಟಾಪಿನ ಎಸ್‌ಎಸ್‌ಡಿ 256 ಜಿಬಿ, ಅದರಲ್ಲಿ ಮೂರು ವಿಎಂ ಹಿಡಿಸುವುದು ಕಷ್ಟ, ಗೊತ್ತು. ಎರಡನೇ ಡಿಸ್ಕನ್ನು ಡೆಸ್ಕ್‌ಟಾಪ್ ತಾನಾಗಿ ಜೋಡಿಸಿದರೆ ಅದು 'ರನ್' ಫೋಲ್ಡರಿನ 'ಮೀಡಿಯಾ' ಒಳಗೆ ನಿಮ್ಮ ಹೆಸರಿನಡಿ ಕೂರುತ್ತದೆ. ಅಲ್ಲಿಗೆ ಕೆಮು ಬಳಕೆದಾರನಿಗೆ ಪ್ರವೇಶ ಇಲ್ಲ, ಹಂತ 1ರ ತೊಂದರೆಯೇ ಮರಳುತ್ತದೆ. 'ಡಿಸ್ಕ್ಸ್' ಎಂಬ ಆ್ಯಪ್ ತೆರೆದು ಆ ಪಾರ್ಟಿಷನ್ನಿನ ಮೌಂಟ್ (ಡಿಸ್ಕ್ ಜೋಡಿಸುವ) ಆಯ್ಕೆಗಳಲ್ಲಿ ಜಾಗವನ್ನು '/ವಿಎಂ' ಎಂದು ಬದಲಿಸಿ, ಒಮ್ಮೆ ರೀಬೂಟ್ ಮಾಡಿ.

ಈಗ ಪಾಲಿಸಿಗೆ ಈ ಫೋಲ್ಡರಿನ ಪರಿಚಯ ಮಾಡಿಸಬೇಕು:

ಸುಡೋ ಸೆಮ್ಯಾನೇಜ್ ಎಫ್‌ಕಾಂಟೆಕ್ಸ್ಟ್ -ಎ -ಟಿ ವರ್ಟ್_ಇಮೇಜ್_ಟಿ '/ವಿಎಂ(/.*)?'

ಸುಡೋ ರಿಸ್ಟೋರ್‌ಕಾನ್ -ಆರ್‌ವಿ /ವಿಎಂ

ಸೆಮ್ಯಾನೇಜ್ ಎಂದರೆ ಎಸ್, ಇ, ಆಮೇಲೆ ಮ್ಯಾನೇಜ್. ಮೊದಲ ಸಾಲು ನಿಯಮ ಬರೆಯುತ್ತದೆ, ಎರಡನೆಯದು ಜಾರಿ ಮಾಡುತ್ತದೆ. ಕೊನೆಯ ಬ್ರಾಕೆಟ್, ಚುಕ್ಕಿ, ನಕ್ಷತ್ರ, ಪ್ರಶ್ನೆ ಚಿಹ್ನೆ ಸೇರಿ 'ಈ ಫೋಲ್ಡರ್ ಮತ್ತು ಇದರೊಳಗಿನ ಎಲ್ಲವೂ' ಎಂದು ಹೇಳುತ್ತವೆ. ಕೋಟ್ ಚಿಹ್ನೆ ಮರೆತರೆ ಟರ್ಮಿನಲ್ ಬೈಯುತ್ತದೆ.

ಮೊದಲ ಸಾಲು ಮಾತ್ರ ಕೊಟ್ಟು "ಏನೂ ಆಗಲಿಲ್ಲ" ಅನ್ನುವವರು ಬಹಳ. ಎರಡನೆಯದು ಕೊಡದೆ ಏನೂ ಆಗುವುದಿಲ್ಲ.

ಕೆಲವರು 'ಸಿಎಚ್‌ಕಾನ್' ಎಂಬ ಆಜ್ಞೆ ಹೇಳಿಕೊಡುತ್ತಾರೆ. ಅದೂ ಬೋರ್ಡ್ ಬದಲಿಸುತ್ತದೆ, ಆದರೆ ಪೆನ್ಸಿಲಿನಲ್ಲಿ ಬರೆದ ಹಾಗೆ. ನಿಯಮದ ಪುಸ್ತಕದಲ್ಲಿ ದಾಖಲಾಗುವುದಿಲ್ಲ. ಮುಂದೆ ಯಾವಾಗಲೋ ಇಡೀ ಡಿಸ್ಕಿನ ಲೇಬಲ್ ಮತ್ತೆ ಹಾಕಿದಾಗ ಅಳಿಸಿಹೋಗುತ್ತದೆ, ನೀವು ಆ ಹೊತ್ತಿಗೆ ಕಾರಣ ಮರೆತಿರುತ್ತೀರಿ.

ಹಂತ 5: ಸಿದ್ಧ ಸ್ವಿಚ್‌ಗಳಿವೆ

ಪಾಲಿಸಿ ಬರೆದವರು ಕೆಲವು ಸಾಮಾನ್ಯ ಬೇಡಿಕೆಗಳಿಗೆ ಮೊದಲೇ ಸ್ವಿಚ್ ಇಟ್ಟಿದ್ದಾರೆ. ಬೂಲಿಯನ್ ಅನ್ನುತ್ತಾರೆ: ಆನ್ ಅಥವಾ ಆಫ್, ಅಷ್ಟೇ. ವಿಎಂಗೆ ಸಂಬಂಧಪಟ್ಟವನ್ನು ನೋಡಲಿಕ್ಕೆ:

ಗೆಟ್‌ಎಸ್‌ಇಬೂಲ್ -ಎ | ಗ್ರೆಪ್ ವರ್ಟ್

ಎನ್‌ಎಫ್‌ಎಸ್ ಡಿಸ್ಕಿನಲ್ಲಿ ವಿಎಂ ಇಟ್ಟವರಿಗೆ ಬೇಕಾದದ್ದು 'ವರ್ಟ್_ಯೂಸ್_ಎನ್‌ಎಫ್‌ಎಸ್'. ಸಾಂಬಾ ಹಂಚಿಕೆಯಾದರೆ (ಹಂತ 3ರಲ್ಲಿ ಕಂಡ 'ಸಿಐಎಫ್‌ಎಸ್') 'ವರ್ಟ್_ಯೂಸ್_ಸಾಂಬಾ'. ಯುಎಸ್‌ಬಿ ಸಾಧನವನ್ನು ಗೆಸ್ಟಿಗೆ ಕೊಡುವ 'ವರ್ಟ್_ಯೂಸ್_ಯುಎಸ್‌ಬಿ' ಮೊದಲೇ ಆನ್ ಇರುತ್ತದೆ. ಹಾಗಾಗಿ ಡಿಜಿಟಲ್ ಸಹಿಯ ಡಾಂಗಲ್ ವಿಎಂನಲ್ಲಿ ಕಾಣದಿದ್ದರೆ ಮೊದಲು ಎಸ್‌ಇಲಿನಕ್ಸ್ ಮೇಲೆ ಸಂಶಯ ಪಡಬೇಡಿ.

ಆನ್ ಮಾಡುವುದು ಹೀಗೆ:

ಸುಡೋ ಸೆಟ್‌ಎಸ್‌ಇಬೂಲ್ -ಪಿ ವರ್ಟ್_ಯೂಸ್_ಎನ್‌ಎಫ್‌ಎಸ್ ಆನ್

ಪಿ ದೊಡ್ಡ ಅಕ್ಷರ. ಅದನ್ನು ಬಿಟ್ಟರೆ ಮುಂದಿನ ರೀಬೂಟಿಗೆ ಸ್ವಿಚ್ ಮತ್ತೆ ಆಫ್. "ನಿನ್ನೆ ಸರಿ ಇತ್ತು, ಇವತ್ತು ಬೆಳಿಗ್ಗೆ ಮತ್ತೆ ಬಂತು" ಎಂಬ ದೂರಿನ ಹಿಂದೆ ಈ ಒಂದು ಅಕ್ಷರ ಇರುತ್ತದೆ.

ಹಂತ 6: ಹೋಸ್ಟ್ ಗೆಸ್ಟ್ ನಡುವೆ ಹಂಚುವ ಫೋಲ್ಡರ್

ಹಂಚಲಿಕ್ಕೆಂದೇ ಒಂದು ಹೊಸ ಫೋಲ್ಡರ್ ಮಾಡಿ, ಹೋಮಿನ ಹೊರಗೆ, ಉದಾಹರಣೆಗೆ '/ಹಂಚು'. ಇಂಗ್ಲಿಷ್ ಅಕ್ಷರದಲ್ಲೇ ಬರೆಯಿರಿ. ಹಂತ 4ರ ಎರಡೂ ಆಜ್ಞೆಗಳನ್ನು ಇದಕ್ಕೆ ಕೊಡಿ, ಆದರೆ ಲೇಬಲ್ ಮಾತ್ರ 'ಎಸ್‌ವರ್ಟ್_ಇಮೇಜ್_ಟಿ' ಎಂದು ಹಾಕಿ.

ಈ ಲೇಬಲ್ ಬಿದ್ದ ಫೋಲ್ಡರ್ ಎಲ್ಲ ವಿಎಂಗಳ ಮಟ್ಟಿಗೂ ಎಸ್‌ಇಲಿನಕ್ಸ್ ತಡೆಯದ ಜಾಗ. ಹಾಗಾಗಿ ಡಾಕ್ಯುಮೆಂಟ್ಸ್ ಫೋಲ್ಡರಿಗೋ ಇಡೀ ಹೋಮಿಗೋ ಇದನ್ನು ಅಂಟಿಸಬೇಡಿ. ಬ್ಯಾಂಕ್ ಪಾಸ್‌ಬುಕ್ ಸ್ಕ್ಯಾನ್, ಆಧಾರ್ ಪ್ರತಿ ಎಲ್ಲ ಅಲ್ಲೇ ಇರುತ್ತದೆ, ಅಲ್ವಾ?

ಹಂತ 7: 'ಕ್ಯಾಚ್‌ಆಲ್' ಸಲಹೆಯ ಬಲೆ

ಎಚ್ಚರಿಕೆಯ ಕಿಟಕಿಯಲ್ಲಿ 'ಟ್ರಬಲ್‌ಶೂಟ್' ಒತ್ತಿದರೆ ಸಲಹೆಗಳ ಪಟ್ಟಿ ಬರುತ್ತದೆ. ಪ್ರತಿಯೊಂದಕ್ಕೂ ಎಷ್ಟು ಖಾತರಿ ಎಂಬ ಅಂಕಿ ಇರುತ್ತದೆ, ಆಜ್ಞೆಯೂ ಸಿದ್ಧವಾಗಿ ಇರುತ್ತದೆ. 'ರಿಸ್ಟೋರ್‌ಕಾನ್' ಎಂಬ ಸಲಹೆ ಮೇಲೆ ಇದ್ದರೆ ಧೈರ್ಯವಾಗಿ ಅದನ್ನೇ ಕಾಪಿ ಮಾಡಿ ಹಾಕಿ.

ಪಟ್ಟಿಯ ಕೊನೆಗೆ 'ಕ್ಯಾಚ್‌ಆಲ್' ಎಂಬುದು ಕೂತಿರುತ್ತದೆ. ಅದರಲ್ಲಿ 'ಆಡಿಟ್2ಅಲೌ' ಎಂಬ ಪದ ಕಾಣುತ್ತದೆ. ಅದು ಹೇಳುವುದಿಷ್ಟೇ: ಯಾವುದನ್ನು ತಡೆದೆವೋ ಅದಕ್ಕೆಲ್ಲ ಅನುಮತಿ ಕೊಡುವ ಹೊಸ ನಿಯಮ ಬರೆ. ಸರಿಯೋ ತಪ್ಪೋ ಎಂದು ಅದು ಯೋಚಿಸುವುದಿಲ್ಲ. ಲೇಬಲ್ ತಪ್ಪಿದ ಒಂದು ಫೈಲಿಗಾಗಿ ಇದನ್ನು ಒತ್ತಿದರೆ, ಆ ಲೇಬಲ್ಲಿನ ಎಲ್ಲ ಫೈಲುಗಳೂ ಎಲ್ಲ ವಿಎಂಗಳಿಗೆ ತೆರೆದುಕೊಳ್ಳುತ್ತವೆ.

ನಾನೂ ಹಿಂದೆ ಓದದೆ ಒತ್ತಿದವನೇ. ಒಂದು ದಿನ ಪಟ್ಟಿ ತೆಗೆದು ನೋಡಿದರೆ ನನ್ನದೇ ಕೈಯ ಇಂಥ ನಿಯಮಗಳು ಸಾಲಾಗಿ ಕೂತಿದ್ದವು. ಅದರಲ್ಲೊಂದು ಹೋಮ್ ಫೋಲ್ಡರಿನ ಫೈಲುಗಳನ್ನು ಓದಲಿಕ್ಕೆ ವಿಎಂಗಳಿಗೆ ಬಿಟ್ಟಿತ್ತು. ನೀವೂ ಒತ್ತಿದ ನೆನಪಿದ್ದರೆ ನೋಡಿ:

ಸುಡೋ ಸೆಮಾಡ್ಯೂಲ್ --ಲಿಸ್ಟ್-ಮಾಡ್ಯೂಲ್ಸ್=ಫುಲ್ | ಗ್ರೆಪ್ ^300

ಇದೂ ಎಸ್, ಇ, ಆಮೇಲೆ ಮಾಡ್ಯೂಲ್. 300 ಎಂಬುದು ಆ ಕಿಟಕಿಯ ಸಲಹೆಯಿಂದ ಸೇರಿದ ನಿಯಮಗಳ ದರ್ಜೆ. ಹೆಸರು ಸಾಮಾನ್ಯವಾಗಿ 'ಮೈ-' ಎಂದು ಶುರುವಾಗುತ್ತದೆ. ತೆಗೆಯುವುದು ಹೀಗೆ:

ಸುಡೋ ಸೆಮಾಡ್ಯೂಲ್ -ಎಕ್ಸ್ 300 -ಆರ್ ಮೈ-ಹೆಸರು

ಎಕ್ಸ್ ದೊಡ್ಡದು, ಆರ್ ಸಣ್ಣದು. ತೆಗೆದ ಮೇಲೆ ವಿಎಂ ಹತ್ತದಿದ್ದರೆ ಗಾಬರಿ ಬೇಡ, ನಿಜವಾದ ಕಾರಣ ಈಗ ಕಾಣುತ್ತಿದೆ. ಹಂತ 3ಕ್ಕೆ ಹೋಗಿ.

ಹಂತ 8: ಎಲ್ಲ ಸರಿ ಮಾಡಿದರೂ ತಡೆಯುತ್ತಿದ್ದರೆ

ಮೊದಲು ಸಿಸ್ಟಮ್ ಅಪ್‌ಡೇಟ್ ಮಾಡಿ. ಪಾಲಿಸಿಯೂ ಒಂದು ಪ್ಯಾಕೇಜ್. ಅದರಲ್ಲೂ ತಪ್ಪುಗಳಿರುತ್ತವೆ, ಸರಿಪಡಿಸುತ್ತಾ ಇರುತ್ತಾರೆ. ಅರ್ಧ ಅಪ್‌ಡೇಟ್ ಮಾಡಿ ಕೆಮು ಹೊಸದು, ಪಾಲಿಸಿ ಹಳೆಯದು ಆದರೆ ವಿಚಿತ್ರ ಎಚ್ಚರಿಕೆಗಳು ಬರುತ್ತವೆ.

ಆಮೇಲೂ ಬಂದರೆ ಪರೀಕ್ಷೆಗಾಗಿ ಐದು ನಿಮಿಷ ಕಾವಲು ಸಡಿಲಿಸಬಹುದು. ಇದಕ್ಕೆ ಎಲ್ಲರೂ ಹೇಳುವುದು 'ಸೆಟ್‌ಎನ್‌ಫೋರ್ಸ್ 0'. ಅದು ಇಡೀ ಕಂಪ್ಯೂಟರಿನ ಕಾವಲನ್ನು ಮಲಗಿಸುತ್ತದೆ. ಅದರ ಬದಲು ವಿಎಂಗಳಿಗೆ ಮಾತ್ರ ಸಡಿಲ ಮಾಡಿ:

ಸುಡೋ ಸೆಮ್ಯಾನೇಜ್ ಪರ್ಮಿಸಿವ್ -ಎ ಎಸ್‌ವರ್ಟ್_ಟಿ

ಪರ್ಮಿಸಿವ್ ಎಂದರೆ ತಡೆಯುವುದಿಲ್ಲ, ಬರೆದಿಡುತ್ತದೆ ಮಾತ್ರ. ಈಗಲೂ ವಿಎಂ ಹತ್ತದಿದ್ದರೆ ತಪ್ಪು ಎಸ್‌ಇಲಿನಕ್ಸಿನದ್ದು ಅಲ್ಲ. ಹತ್ತಿದರೆ ದಾಖಲೆಯಲ್ಲಿ ಎಲ್ಲ ಎವಿಸಿಗಳೂ ಒಟ್ಟಿಗೆ ಸಿಗುತ್ತವೆ, ಒಂದೊಂದಾಗಿ ಹುಡುಕುವ ಕಷ್ಟ ಇಲ್ಲ. ಮುಗಿದ ಮೇಲೆ ಅದೇ ಆಜ್ಞೆಯಲ್ಲಿ 'ಎ' ಬದಲು 'ಡಿ' ಹಾಕಿ ಮುಚ್ಚಿ. ಇದು ರೀಬೂಟಿಗೆ ತಾನಾಗಿ ಹೋಗುವುದಿಲ್ಲ, ನೆನಪಿರಲಿ.

ಹಿಂದೆ ಎಸ್‌ಇಲಿನಕ್ಸನ್ನು ಪೂರ್ತಿ ಆಫ್ ಮಾಡಿಟ್ಟವರಿಗೆ ಒಂದು ಸೂಚನೆ. ಆಫ್ ಇದ್ದಾಗ ಹುಟ್ಟಿದ ಫೈಲುಗಳಿಗೆ ಲೇಬಲ್ಲೇ ಇರುವುದಿಲ್ಲ. ಸೀದಾ ಆನ್ ಮಾಡಿದರೆ ಲಾಗಿನ್ ಕೂಡ ಕಷ್ಟವಾಗಬಹುದು. ಮೊದಲು ಪರ್ಮಿಸಿವ್ ಸ್ಥಿತಿಯಲ್ಲಿ ಬೂಟ್ ಮಾಡಿ, 'ಸುಡೋ ಫಿಕ್ಸ್‌ಫೈಲ್ಸ್ -ಎಫ್ ಆನ್‌ಬೂಟ್' ಕೊಟ್ಟು ರೀಬೂಟ್ ಮಾಡಿ. ಎಫ್ ದೊಡ್ಡದು. ಇಡೀ ಡಿಸ್ಕಿಗೆ ಲೇಬಲ್ ಹಾಕುತ್ತದೆ, ಹಳೇ ಹಾರ್ಡ್ ಡಿಸ್ಕಾದರೆ ಚಾ ಕುಡಿದು ಬರುವಷ್ಟು ಹೊತ್ತು ಬೇಕು. ನಮ್ಮ ಕಡೆ ಜೂನ್ ಜುಲೈಯಲ್ಲಿ ಗುಡುಗಿದ ಕೂಡಲೇ ಕರೆಂಟ್ ಹೋಗುತ್ತದೆ. ಡೆಸ್ಕ್‌ಟಾಪಿಗೆ ಯುಪಿಎಸ್ ಇಲ್ಲದಿದ್ದರೆ ಆಕಾಶ ನೋಡಿಕೊಂಡು ಶುರು ಮಾಡಿ.

ಉಬುಂಟು, ವರ್ಚುವಲ್‌ಬಾಕ್ಸ್, ವಿಂಡೋಸ್ ಬಳಸುವವರಿಗೆ

ಉಬುಂಟುವಿನಲ್ಲಿ ಇದೇ ಕೆಲಸ ಮಾಡುವುದು ಆ್ಯಪ್‌ಆರ್ಮರ್. ಅಲ್ಲಿ ಲೇಬಲ್ ಇಲ್ಲ, ಫೈಲಿನ ದಾರಿ ನೋಡಿ ತೀರ್ಮಾನ. ಪ್ರತಿ ವಿಎಂಗೂ ಲಿಬ್‌ವರ್ಟ್ ತಾನಾಗಿ ಒಂದು ಪ್ರೊಫೈಲ್, ಅಂದರೆ ಮುಟ್ಟಬಹುದಾದ ಫೈಲುಗಳ ಪಟ್ಟಿ ಬರೆಯುತ್ತದೆ. 'ಆ್ಯಪ್‌ಆರ್ಮರ್ ಡಿನೈಡ್' ಎಂಬ ಸಾಲು ಕಂಡರೆ, ಆ ಫೈಲನ್ನು ವರ್ಟ್-ಮ್ಯಾನೇಜರ್ ಮೂಲಕವೇ ವಿಎಂಗೆ ಸೇರಿಸಿ. ಆಗ ಪ್ರೊಫೈಲಿಗೂ ಅದು ಸೇರುತ್ತದೆ.

ವಿಎಂ ಓಡಿಸುವ ಇನ್ನೊಂದು ಸಾಫ್ಟ್‌ವೇರ್ ಆದ ವರ್ಚುವಲ್‌ಬಾಕ್ಸಿನವರಿಗೆ ಬರುವುದು ಬೇರೆ ಎಚ್ಚರಿಕೆ: 'ಕರ್ನಲ್ ಡ್ರೈವರ್ ನಾಟ್ ಇನ್‌ಸ್ಟಾಲ್ಡ್', ಸಂಖ್ಯೆ -1908. ಇದರ ಹಿಂದೆ ಹೆಚ್ಚಾಗಿ ಕಂಪ್ಯೂಟರ್ ಶುರುವಾಗುವಾಗಿನ ಕಾವಲಾದ ಸೆಕ್ಯೂರ್ ಬೂಟ್ ಇರುತ್ತದೆ. ಸಹಿ ಇಲ್ಲದ ಡ್ರೈವರನ್ನು ಅದು ಒಳಗೆ ಬಿಡುವುದಿಲ್ಲ. ಉಬುಂಟುವಿನಲ್ಲಿ ವರ್ಚುವಲ್‌ಬಾಕ್ಸ್ ಇನ್‌ಸ್ಟಾಲ್ ಮಾಡುವಾಗಲೇ ಅದು ಒಂದು ಪಾಸ್‌ವರ್ಡ್ ಕೇಳಿ, ರೀಬೂಟ್ ಆದಾಗ ನೀಲಿ ಪರದೆ ತೋರಿಸುತ್ತದೆ. ಅಲ್ಲಿ 'ಎನ್‌ರೋಲ್ ಎಂಒಕೆ' ಆರಿಸಿ, 'ಕಂಟಿನ್ಯೂ', 'ಯೆಸ್', ಅದೇ ಪಾಸ್‌ವರ್ಡ್. ಆ ಪರದೆ ಕೆಲವೇ ಸೆಕೆಂಡ್ ಇರುತ್ತದೆ. ಅದು ಬಂದಾಗ ನೀವು ಅಡುಗೆಮನೆಯಲ್ಲಿದ್ದರೆ ಕೆಲಸ ಕೆಟ್ಟಿತು, ಮೊದಲಿಂದ ಮಾಡಬೇಕು.

ವಿಂಡೋಸ್ ಹೋಸ್ಟಿನಲ್ಲಿ ಹಳೇ ವಿಎಂವೇರ್ 'ಡಿವೈಸ್ ಗಾರ್ಡ್, ಕ್ರೆಡೆನ್ಷಿಯಲ್ ಗಾರ್ಡ್ ಜೊತೆ ಹೊಂದುವುದಿಲ್ಲ' ಎನ್ನುತ್ತದೆ. ವಿಂಡೋಸಿನ ಭದ್ರತೆಯ ಭಾಗವಾದ ಈ ಗಾರ್ಡ್ ತೆಗೆಯುವ ಬದಲು ವಿಎಂವೇರನ್ನು ಹೊಸದು ಮಾಡಿ. 2020ರ 15.5.5 ಆವೃತ್ತಿಯಿಂದ ಅದು ಹೈಪರ್-ವಿ (ಆ ಗಾರ್ಡ್‌ಗಳು ನಿಂತಿರುವ, ವಿಂಡೋಸಿನದ್ದೇ ವಿಎಂ ಪದರ) ಜೊತೆ ಹೊಂದಿಕೊಂಡು ಓಡುತ್ತದೆ. ವಿಂಡೋಸ್ 10 ಆದರೆ 2004 ಎಂಬ ಸಂಖ್ಯೆಯ (ಇಸವಿ ಅಲ್ಲ) ಆವೃತ್ತಿ ಅಥವಾ ಅದಕ್ಕಿಂತ ಹೊಸದು ಬೇಕು. ಕಂಪನಿ ಕೊಟ್ಟ ಲ್ಯಾಪ್‌ಟಾಪಾದರೆ ಸ್ವಂತ ಬುದ್ಧಿ ಓಡಿಸದೆ ಐಟಿ ವಿಭಾಗವನ್ನು ಕೇಳಿ.

ಸಹಾಯ ಕೇಳುವಾಗ

'ಎಸ್‌ಇಲಿನಕ್ಸ್ ಎರರ್ ಬರ್ತಿದೆ' ಎಂದಷ್ಟೇ ಬರೆದು, ಮೊಬೈಲಿನಲ್ಲಿ ಓರೆಯಾಗಿ ತೆಗೆದ ಪರದೆಯ ಫೋಟೋ ಕಳಿಸಿದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಹಂತ 1ರ ಆಜ್ಞೆಯ ಫಲಿತಾಂಶವನ್ನು ಅಕ್ಷರವಾಗಿ ಕಾಪಿ ಮಾಡಿ. ಹಂತ 3ರ ಆಜ್ಞೆಯ ಸಾಲನ್ನು, ಫೈಲಿನದ್ದೂ ಫೋಲ್ಡರಿನದ್ದೂ, ಅದರ ಜೊತೆ ಹಾಕಿ. ಫೆಡೋರಾ ಆವೃತ್ತಿ ಬರೆಯಿರಿ. ಫೈಲಿನ ದಾರಿಯಲ್ಲಿ ನಿಮ್ಮ ಪೂರ್ತಿ ಹೆಸರೋ ಗಿರಾಕಿಯ ಹೆಸರೋ ಇದ್ದರೆ ಅದನ್ನು ಮಾತ್ರ ಬದಲಿಸಿ, ಲೇಬಲ್ ಭಾಗವನ್ನು ಮುಟ್ಟಬೇಡಿ. ಇಷ್ಟಿದ್ದರೆ ಗೊತ್ತಿರುವವರು ಎರಡು ನಿಮಿಷದಲ್ಲಿ ಉತ್ತರ ಕೊಡುತ್ತಾರೆ.